ಚದುರಿದ ಬೆಳಕನ್ನು ಕೂಡಿಸುವ ಕತೆ



ಪುಣೆಗೆ ಬಂದು ನೆಲೆಸಿದ ಕನ್ನಡಿಗರಿಗೆ ಈ ಊರಿನ ಹೆಗ್ಗಳಿಕೆಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶನಿವಾರವಾಡೆ ಗೊತ್ತು, ಫರ್ಗ್ಯುಸನ್ ಕಾಲೇಜು ಗೊತ್ತು, ಊರಿಗೆ ಹೊರಟಾಗ ಚೀಲದಲ್ಲಿ ಬಾಕರವಡಿ ಇರಲೇಬೇಕು ಅನ್ನುವುದೂ ಗೊತ್ತು. ಆದರೆ ಒಂದು ಹೆಗ್ಗಳಿಕೆ ಮಾತ್ರ ಬಹಳ ಜನರ ಕಿವಿಗೆ ಬಿದ್ದಿಲ್ಲ. ಇವತ್ತಿನ ಮಾತು ಅಲ್ಲಿಂದ ಶುರು.

ನಮ್ಮ ದೇಶದಲ್ಲಿ ಎರಡು ಟೆಲಿಫೋನ್ ಎಕ್ಸ್‌ಚೇಂಜ್‌ಗಳ ನಡುವೆ ಮಾತನ್ನು ತಾಮ್ರದ ತಂತಿಯ ಬದಲು ಗಾಜಿನ ಎಳೆಯಲ್ಲಿ, ಬೆಳಕಿನ ರೂಪದಲ್ಲಿ ಮೊಟ್ಟಮೊದಲು ಸಾಗಿಸಿದ್ದು 1979ರಲ್ಲಿ, ಇದೇ ಪುಣೆಯಲ್ಲಿ. ಆ ಕಾಲದಲ್ಲಿ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರು, ಸಿಕ್ಕ ಮೂರು ನಿಮಿಷದಲ್ಲಿ ಓಣಿಗೆಲ್ಲ ಕೇಳುವ ಹಾಗೆ ಕೂಗಿ ಮಾತಾಡಿದವರು ನಮ್ಮ ಕೇಳುಗರಲ್ಲಿ ಈಗಲೂ ಇದ್ದಾರೆ. ಅದೇ ಹಿರಿಯರು ಇವತ್ತು ಬಾಲ್ಕನಿಯಲ್ಲಿ ಕೂತು, ಧಾರವಾಡದ ತಮ್ಮನ ಮುಖ ನೋಡುತ್ತ, ಮೆಲುದನಿಯಲ್ಲಿ ಹರಟುತ್ತಾರೆ. ಆ ಮುಖ, ಆ ಮಾತು ಬರುವ ದಾರಿಯ ಬಹುಪಾಲು ನೆಲದಡಿಯ ಗಾಜಿನ ಎಳೆ. ಮೊಬೈಲ್ ಗಾಳಿಯಲ್ಲಿ ಮಾತಾಡುವುದು ನಿಮ್ಮ ಮನೆಯಿಂದ ಹತ್ತಿರದ ಟವರಿನ ತನಕ ಮಾತ್ರ. ಅಲ್ಲಿಂದಾಚೆಗೆ ಹೆಚ್ಚಾಗಿ ಬೆಳಕಿನದೇ ಓಟ.

ಈ ಓಟದಲ್ಲಿ ಬೆಳಕಿಗೆ ಒಂದು ಕಾಯಿಲೆ ಬರುತ್ತದೆ. ಇಂಜಿನಿಯರುಗಳು ಅದಕ್ಕೆ ಡಿಸ್ಪರ್ಶನ್ ಅನ್ನುತ್ತಾರೆ. ನಾವು ಸರಳವಾಗಿ ಚದುರುವಿಕೆ ಅನ್ನೋಣ. ಅದಕ್ಕೆ ಮದ್ದು ಹುಡುಕಿದ ಕತೆಯೇ ಇವತ್ತಿನ ಭಾಷಣ. ಹೆಸರು ಕೇಳಿ ಹೆದರಬೇಡಿ. ನಾನು ಓದಿದ್ದು ಕನ್ನಡ ಬಿ.ಎ. ನನ್ನ ತಲೆಗೆ ಇಳಿದದ್ದು ನಿಮ್ಮ ತಲೆಗೂ ಇಳಿಯುತ್ತದೆ.

ಮೊದಲು ಗಾಜಿನ ಎಳೆಯ ಪರಿಚಯ ಮಾಡಿಕೊಳ್ಳೋಣ. ಬೆಳಕನ್ನು ಗಾಜಿನ ಎಳೆಗಳಲ್ಲಿ ಸಾಗಿಸಬಹುದೆಂದು ತೋರಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಪ್ರಮುಖರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರ ಜೊತೆ ಮಾಡಿದ ಕೆಲಸವನ್ನು ಅವರು 1954ರಲ್ಲಿ ಪ್ರಕಟಿಸಿದರು. ಫೈಬರ್ ಆಪ್ಟಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಆದರೆ ಅಂದಿನ ಗಾಜಿನಲ್ಲಿ ಬೆಳಕು ಕೆಲವು ಮೀಟರ್ ಹೋಗುವಷ್ಟರಲ್ಲಿ ಮಂಕಾಗುತ್ತಿತ್ತು. ಗಾಜನ್ನು ಶುದ್ಧ ಮಾಡಿದರೆ ಈ ಎಳೆಯಲ್ಲಿ ಟೆಲಿಫೋನ್ ಮಾತು ದೂರ ಹೋಗಬಲ್ಲದು ಎಂದು 1966ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಚಾರ್ಲ್ಸ್ ಕಾವ್. ಆ ಕೆಲಸಕ್ಕೆ 2009ರಲ್ಲಿ ಅವರಿಗೆ ನೊಬೆಲ್ ಬಂತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂಥ ಶುದ್ಧ ಎಳೆಯನ್ನು ಮಾಡಿಯೇ ತೋರಿಸಿತು.

ಇವತ್ತಿನ ಎಳೆ ಇನ್ನೂ ಎಷ್ಟೋ ಪಾಲು ಶುದ್ಧ. ಅದರೊಳಗೆ ಬಿಟ್ಟ ಬೆಳಕು ಒಂದು ಕಿ.ಮೀ. ಹೋದ ಮೇಲೂ ನೂರರಲ್ಲಿ 95 ಪಾಲು ಉಳಿದಿರುತ್ತದೆ. 15 ಕಿ.ಮೀ. ಹೋದರೆ ಅರ್ಧ. 80 ಕಿ.ಮೀ. ಹೋದರೆ ಸುಮಾರು ನಲವತ್ತರಲ್ಲಿ ಒಂದು ಪಾಲು. ಹೀಗಾಗಿ ದಾರಿಯಲ್ಲಿ ಆಗಾಗ ಬೆಳಕಿಗೆ ಬಲ ತುಂಬಬೇಕು. ಎರ್ಬಿಯಂ ಎಂಬ ಧಾತುವನ್ನು ಗಾಜಿಗೆ ಬೆರೆಸಿ, ಬೆಳಕನ್ನು ಬೆಳಕಿನಿಂದಲೇ ಬಲಪಡಿಸುವ ಆಂಪ್ಲಿಫಯರ್ 1987ರಲ್ಲಿ ಸಿದ್ಧವಾಯಿತು. ಇನ್ನೊಂದು ಬಗೆಯ ಆಂಪ್ಲಿಫಯರ್ ರಾಮನ್ ಪರಿಣಾಮದ ಮೇಲೆ ನಡೆಯುತ್ತದೆ. ಹೌದು, ನಮ್ಮ ಬೆಂಗಳೂರಿನಲ್ಲಿ ಕೊನೆಯ ತನಕ ಬಾಳಿದ ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಅದೇ ಪರಿಣಾಮ. ಅವರ ಹೆಸರು ಇವತ್ತು ನೆಲದಡಿಯಲ್ಲಿ, ಸಮುದ್ರದಡಿಯಲ್ಲಿ ದುಡಿಯುತ್ತಿದೆ.

ಮಂಕಾಗುವುದಕ್ಕೆ ಮದ್ದು ಸಿಕ್ಕಿತು. ಇನ್ನು ಉಳಿದದ್ದು ಚದುರುವುದು. ಇದು ಬೇರೆಯೇ ಕಾಯಿಲೆ.

ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋದವರು ನಮ್ಮಲ್ಲಿ ಬಹಳ ಮಂದಿ. ಗದಗ ಜಿಲ್ಲೆಯವರಾದ ಪಂಡಿತ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ತಮ್ಮ ಗುರುವಿನ ನೆನಪಿಗೆ ಶುರುಮಾಡಿದ ಉತ್ಸವ ಅದು. ಅಲ್ಲಿ ಕಟ್ಟಕಡೆಯ ಸಾಲಿನಲ್ಲಿ ಕೂತರೂ ತಾನ್ ಮುರಿಯುವುದಿಲ್ಲ. ಸ್ವರ ಒಂದಿಷ್ಟು ತಡವಾಗಿ ಬರುತ್ತದೆ, ಸ್ವಲ್ಪ ಸಣ್ಣಗೆ ಕೇಳುತ್ತದೆ, ಅಷ್ಟೇ. ಷಡ್ಜ ಮುಂದೆ ಬಂದು ಪಂಚಮ ಹಿಂದೆ ಬೀಳುವುದಿಲ್ಲ. ಯಾಕೆಂದರೆ ಗಾಳಿಯಲ್ಲಿ ಮಂದ್ರಕ್ಕೂ ತಾರಕ್ಕೂ ಒಂದೇ ವೇಗ. ಒಮ್ಮೆ ಯೋಚಿಸಿ, ಗಾಳಿಯಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ವೇಗ ಇದ್ದಿದ್ದರೆ ಹಿಂದಿನ ಸಾಲಿನವರಿಗೆ ಸಂಗೀತವೇ ಇರುತ್ತಿರಲಿಲ್ಲ, ಬರೀ ಗದ್ದಲ.

ಗಾಜಿನಲ್ಲಿ ಬೆಳಕಿಗೆ ಆಗುವುದು ಇದೇ. ಗಾಜಿನೊಳಗೆ ಒಂದೊಂದು ಬಣ್ಣಕ್ಕೆ ಒಂದೊಂದು ವೇಗ. ಶಾಲೆಯಲ್ಲಿ ಮುಕ್ಕೋನದ ಗಾಜು ಹಿಡಿದು ಕಾಮನಬಿಲ್ಲು ನೋಡಿದ್ದೀರಲ್ಲ, ಅಲ್ಲಿ ಬಣ್ಣಗಳು ಬೇರೆಬೇರೆಯಾಗುವುದು ಈ ಕಾರಣಕ್ಕೇ.

‘ಹಾಗಿದ್ದರೆ ಒಂದೇ ಬಣ್ಣದ ಬೆಳಕು ಕಳಿಸಿದರೆ ಆಯಿತಲ್ಲ?’ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಸಂದೇಶ ಕಳಿಸಬೇಕಾದರೆ ಬೆಳಕನ್ನು ಮಿಣುಕಿಸಬೇಕು. ಮಿಣುಕಿದರೆ ಒಂದು, ಮಿಣುಕದಿದ್ದರೆ ಸೊನ್ನೆ. ಈಗ ತಂಬೂರಿಯನ್ನು ನೆನೆಸಿಕೊಳ್ಳಿ. ಅದು ಎಳೆದು ಎಳೆದು ನುಡಿಯುವುದರಿಂದ ಶ್ರುತಿ ಸ್ಪಷ್ಟ. ಒಂದು ಚಪ್ಪಾಳೆ ತಟ್ಟಿ, ಅದಕ್ಕೆ ಯಾವ ಶ್ರುತಿ? ಹೇಳಲು ಬರುವುದಿಲ್ಲ, ಎಲ್ಲ ಸ್ವರಗಳೂ ಒಂದಿಷ್ಟೊಂದಿಷ್ಟು ಅದರಲ್ಲಿ ಕಲಸಿವೆ. ಬೆಳಕೂ ಹಾಗೆಯೇ. ಮಿಣುಕು ಎಷ್ಟು ಚುಟುಕೋ ಅದರೊಳಗೆ ಅಷ್ಟು ಹೆಚ್ಚು ಬಣ್ಣ. ಇದು ಯಂತ್ರದ ದೋಷವಲ್ಲ, ಪ್ರಕೃತಿಯ ನಿಯಮ.

ಇನ್ನು ಆಷಾಢದ ವಾರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಆಳಂದಿಯಿಂದ ಹೊರಟ ಜ್ಞಾನೇಶ್ವರ ಪಾಲಖಿ ಪುಣೆಗೆ ಬಂದು, ದಿವೆ ಘಾಟ್ ಹತ್ತಿ ಪಂಢರಪುರದ ದಾರಿ ಹಿಡಿಯುತ್ತದೆ. ದಿಂಡಿಗಳು ಒಂದರ ಹಿಂದೆ ಒಂದು ತಮ್ಮ ತಮ್ಮ ಸರದಿಯಲ್ಲಿ ನಡೆಯುತ್ತವೆ. ಈಗ ಊಹೆ ಮಾಡಿ: ದಿಂಡಿಯಲ್ಲಿ ಹುಡುಗರಿದ್ದಾರೆ, ಅಜ್ಜಂದಿರಿದ್ದಾರೆ. ಯಾರೂ ಯಾರಿಗೂ ಕಾಯದೆ ಅವರವರ ಕಾಲಿನ ಶಕ್ತಿಯಂತೆ ನಡೆದರೆ? ಹುಡುಗರು ಮುಂದಿನ ದಿಂಡಿಯೊಳಗೆ ನುಗ್ಗುತ್ತಾರೆ, ಅಜ್ಜಂದಿರು ಹಿಂದಿನ ದಿಂಡಿಗೆ ಸೇರಿಹೋಗುತ್ತಾರೆ. ಯಾರೂ ಕಳೆದುಹೋಗಿಲ್ಲ, ಎಲ್ಲರೂ ದಾರಿಯಲ್ಲೇ ಇದ್ದಾರೆ. ಆದರೆ ಯಾವ ದಿಂಡಿ ಯಾವುದು ಅಂತ ಹೇಳಲು ಬರುವುದಿಲ್ಲ. ಒಂದೊಂದು ದಿಂಡಿಯೂ ಒಂದೊಂದು ಮಿಣುಕು ಅಂದುಕೊಳ್ಳಿ. ಅಲ್ಲಿಗೆ ಚದುರುವಿಕೆ ಏನೆಂದು ನಿಮಗೆ ಅರ್ಥವಾಯಿತು.

ಸ್ವಲ್ಪ ಲೆಕ್ಕ ನೋಡೋಣ, ಬೇಸರ ಬೇಡ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸೆಕೆಂಡಿಗೆ 1000 ಕೋಟಿ ಮಿಣುಕು ಕಳಿಸಿದರೆ, ಅಂದರೆ 10 ಗಿಗಾಬಿಟ್ ವೇಗದಲ್ಲಿ, ಒಂದೊಂದು ಮಿಣುಕಿಗೆ ಸಿಗುವ ಸಮಯ 100 ಪಿಕೋಸೆಕೆಂಡ್. ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಬೆಳಕು ಗಾಜಿನಲ್ಲಿ ಸಾಗುವುದು ಎರಡು ಸೆಂಟಿಮೀಟರ್. ಎಂದರೆ ಹೆದ್ದಾರಿಯ ಪಕ್ಕದ ಆ ಎಳೆಯಲ್ಲಿ ಒಂದೊಂದು ಅಕ್ಷರದ ಚೂರೂ ಹೆಬ್ಬೆರಳ ಅಗಲದಷ್ಟು ಜಾಗದಲ್ಲಿ, ಒಂದಕ್ಕೊಂದು ಅಂಟಿಕೊಂಡು ಓಡುತ್ತಿರುತ್ತದೆ.

ಈಗ ಪುಣೆಯಿಂದ ಬೆಂಗಳೂರಿಗೆ ಹೊರಡೋಣ. ರಸ್ತೆಯ ಲೆಕ್ಕದಲ್ಲಿ ಸುಮಾರು 840 ಕಿ.ಮೀ. ದೂರವಾಣಿಗೆ ಹೆಚ್ಚಾಗಿ ಬಳಸುವ ಬೆಳಕು ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು, ಅದರ ತರಂಗದ ಉದ್ದ 1550 ನ್ಯಾನೋಮೀಟರಿನ ಆಸುಪಾಸು. ಅಲ್ಲಿ ಸಾಮಾನ್ಯ ಎಳೆಯ ಗುಣ ಹೀಗಿದೆ: ಬಣ್ಣದಲ್ಲಿ ಒಂದು ನ್ಯಾನೋಮೀಟರ್ ವ್ಯತ್ಯಾಸವಿದ್ದರೆ, ಕಿ.ಮೀ.ಗೆ 17 ಪಿಕೋಸೆಕೆಂಡ್ ಹಿಂದುಮುಂದು. 10 ಗಿಗಾಬಿಟ್ ಮಿಣುಕಿನಲ್ಲಿ ಬಣ್ಣದ ಹರವು ಸುಮಾರು ನ್ಯಾನೋಮೀಟರಿನ ಹತ್ತನೇ ಒಂದು ಪಾಲು. ಗುಣಿಸಿ ನೋಡಿ: ಬೆಂಗಳೂರು ಮುಟ್ಟುವಾಗ 100 ಪಿಕೋಸೆಕೆಂಡಿನ ಮಿಣುಕು 1400 ಪಿಕೋಸೆಕೆಂಡಿಗೂ ಮಿಕ್ಕಿ ಹರಡಿರುತ್ತದೆ. ಒಂದು ಮಿಣುಕು ಹದಿನಾಲ್ಕು ಮಿಣುಕುಗಳ ಮೈಮೇಲೆ ಬಿದ್ದಿರುತ್ತದೆ.

ಇನ್ನೂ ಒಂದು ಪೇಚು ಇದೆ. ವೇಗವನ್ನು ನಾಲ್ಕು ಪಟ್ಟು ಮಾಡಿದರೆ ತೊಂದರೆ ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು. ಮಿಣುಕು ನಾಲ್ಕು ಪಟ್ಟು ಚುಟುಕಾದ್ದರಿಂದ ಬಣ್ಣ ನಾಲ್ಕು ಪಟ್ಟು ಹೆಚ್ಚು, ಜೊತೆಗೆ ಅಕ್ಕಪಕ್ಕದ ಮಿಣುಕುಗಳ ನಡುವಿನ ಜಾಗ ನಾಲ್ಕರಲ್ಲಿ ಒಂದು ಪಾಲು. ಆದ್ದರಿಂದ 2.5 ಗಿಗಾಬಿಟ್ ವೇಗದಲ್ಲಿ ಸುಮಾರು 1000 ಕಿ.ಮೀ. ತನಕ ಚದುರುವಿಕೆಯ ಚಿಂತೆ ಇರಲಿಲ್ಲ, ಇಲ್ಲಿಂದ ಹೊರಟ ಸಂದೇಶ ಬೆಂಗಳೂರನ್ನು ಸಲೀಸಾಗಿ ಮುಟ್ಟುತ್ತಿತ್ತು. ವೇಗ 10 ಗಿಗಾಬಿಟ್ ಆದಾಗ ಆ ದೂರ ಸುಮಾರು 60 ಕಿ.ಮೀ.ಗೆ ಇಳಿಯಿತು, ಸಾತಾರಾ ಕೂಡ ಸಿಗುವುದಿಲ್ಲ. 40 ಗಿಗಾಬಿಟ್ ಆದರೆ ನಾಲ್ಕು ಕಿ.ಮೀ.ಯೂ ಇಲ್ಲ. ಸ್ವಾರಗೇಟಿನಲ್ಲಿ ಬಸ್ಸು ಹತ್ತಿದವರು ಕಾತ್ರಜ್ ಮುಟ್ಟುವ ಮೊದಲೇ ಇಳಿದುಬಿಟ್ಟ ಹಾಗೆ!

ಅಂದ ಹಾಗೆ, ಇದು ಹೊಸ ಕಾಯಿಲೆಯೇನೂ ಅಲ್ಲ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿ ಎಳೆದಾಗ, ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಶುಭಾಶಯ ದಾಟಲು ಸುಮಾರು 16 ಗಂಟೆ ಹಿಡಿಯಿತು. ಅಲ್ಲಿಯೂ ಒಂದು ಮಿಡಿತ ಇನ್ನೊಂದರ ಮೇಲೆ ಹರಡಿ ಕಲಸಿಹೋಗುತ್ತಿತ್ತು. ಜೋರಾಗಿ ಕಳಿಸಿದರೆ ಸ್ಪಷ್ಟ ಕೇಳೀತೆಂದು ವಿದ್ಯುತ್ತಿನ ಒತ್ತಡ ಏರಿಸಿದರು. ಕೆಲವೇ ವಾರಗಳಲ್ಲಿ ಆ ತಂತಿ ಸತ್ತುಹೋಯಿತು. ಚದುರಿದ್ದಕ್ಕೆ ಕೂಗು ಮದ್ದಲ್ಲ ಅನ್ನುವ ಪಾಠ ಅಂದೇ ಸಿಕ್ಕಿತ್ತು.

ಹಾಗಾದರೆ ಮದ್ದೇನು? ಮೊದಲು ಹೊಳೆದದ್ದು ಬಲು ನೇರವಾದ ಉಪಾಯ. ಚದುರುವಿಕೆಯೇ ಇಲ್ಲದ ಎಳೆ ಮಾಡಿಬಿಡೋಣ! ಸಾಮಾನ್ಯ ಎಳೆಯಲ್ಲಿ 1310 ನ್ಯಾನೋಮೀಟರ್ ಹತ್ತಿರ ಚದುರುವಿಕೆ ಸೊನ್ನೆಯಾಗುತ್ತದೆ. ಎಳೆಯ ತಿರುಳಿನ ರಚನೆ ಬದಲಿಸಿ ಆ ಸೊನ್ನೆಯನ್ನು 1550ರ ಹತ್ತಿರಕ್ಕೆ ತಂದರು. 1980ರ ದಶಕದಲ್ಲಿ ಇದು ದೊಡ್ಡ ಗೆಲುವು ಅನ್ನಿಸಿತು. ಜಪಾನಿನಲ್ಲಿ ಇಂಥ ಎಳೆಯನ್ನು ಬಹಳ ದೂರ ಹಾಸಿದರು.

ಆಮೇಲೆ ಒಂದೇ ಎಳೆಯಲ್ಲಿ ಹತ್ತಾರು ಬಣ್ಣಗಳನ್ನು ಒಟ್ಟಿಗೆ ಕಳಿಸುವ ಕಾಲ ಬಂತು. ಒಂದೊಂದು ಬಣ್ಣದ ಮೇಲೂ ಒಂದೊಂದು ಸಂದೇಶ. ಆಗ ತಿಳಿಯಿತು, ಸೊನ್ನೆ ಅನ್ನುವುದು ವರವಲ್ಲ. ಬಣ್ಣಗಳೆಲ್ಲ ಒಂದೇ ವೇಗದಲ್ಲಿ, ಹೆಗಲಿಗೆ ಹೆಗಲು ಕೊಟ್ಟು ನೂರಾರು ಕಿ.ಮೀ. ಓಡಿದರೆ ಅವು ಒಂದರೊಡನೆ ಒಂದು ಬೆರೆತು, ಯಾರೂ ಕಳಿಸದ ಹೊಸ ಬಣ್ಣಗಳನ್ನು ಹುಟ್ಟಿಸುತ್ತವೆ. ಆ ಭೂತ ಬಣ್ಣಗಳು ನಿಜವಾದ ಸಂದೇಶಗಳ ಮೇಲೆ ಬಂದು ಕೂರುತ್ತವೆ. ವೇಗದಲ್ಲಿ ವ್ಯತ್ಯಾಸವಿದ್ದರೆ ಒಂದು ಬಣ್ಣ ಇನ್ನೊಂದನ್ನು ಹಾದು ಮುಂದೆ ಹೋಗಿಬಿಡುತ್ತದೆ, ಬೆರೆಯಲು ಪುರಸೊತ್ತು ಸಿಗುವುದಿಲ್ಲ. ಚದುರುವಿಕೆ ಕಾಯಿಲೆಯೂ ಹೌದು, ಕಾವಲೂ ಹೌದು ಎಂದು ಆಗ ಕಂಡಿತು. ಇಂಜಿನಿಯರುಗಳು ಒಂದು ಹೆಜ್ಜೆ ಹಿಂದೆ ಸರಿದು, 1990ರ ದಶಕದಲ್ಲಿ, ಸೊನ್ನೆಯೂ ಅಲ್ಲದ ಪೂರ್ತಿಯೂ ಅಲ್ಲದ, ಅಳತೆಯಿಟ್ಟು ಸ್ವಲ್ಪ ಚದುರಿಸುವ ಎಳೆಗಳನ್ನು ಮಾಡಿದರು.

ಎರಡನೆಯ ಮದ್ದು ಇನ್ನೂ ಸ್ವಾರಸ್ಯದ್ದು. ದಾರಿಯಲ್ಲಿ ಚದುರಲಿ, ನಿಲ್ದಾಣದಲ್ಲಿ ತಿರುಗಾಮುರುಗಾ ಮಾಡಿ ಸರಿಮಾಡೋಣ! ಅದಕ್ಕಾಗಿ ವಿಶೇಷ ಎಳೆಯೊಂದನ್ನು ತಯಾರಿಸಿದರು. ಅದರ ತಿರುಳು ಬಲು ಸಣ್ಣದು, ಅದರಲ್ಲಿ ಜರ್ಮೇನಿಯಂ ಹೆಚ್ಚು. ಸಾಮಾನ್ಯ ಎಳೆಯಲ್ಲಿ ಮುಂದೆ ಓಡುವ ಬಣ್ಣ ಇದರಲ್ಲಿ ಹಿಂದೆ ಬೀಳುತ್ತದೆ, ಹಿಂದೆ ಬಿದ್ದದ್ದು ಮುಂದೆ ಓಡುತ್ತದೆ. ವಾರಿಯ ಮಾತಿನಲ್ಲಿ ಹೇಳುವುದಾದರೆ, ಸಾಸವಡದ ತಂಗುದಾಣದಲ್ಲಿ ಹುಡುಗರ ತಲೆಯ ಮೇಲೆ ಅಜ್ಜಂದಿರ ಗಂಟುಮೂಟೆ ಹೊರಿಸಿ ಒಂದು ಸುತ್ತು ನಡೆಸಿದ ಹಾಗೆ. ಹಗುರಾದ ಅಜ್ಜಂದಿರು ಮುಂದೆ ಬರುತ್ತಾರೆ, ಹುಡುಗರ ಕಾಲು ಎಳೆಯುತ್ತದೆ, ದಿಂಡಿ ಮತ್ತೆ ಒಂದಾಗುತ್ತದೆ.

ಈ ವಿಶೇಷ ಎಳೆಯ ಗುಣ ಸುಮಾರು ಮೈನಸ್ 100, ಸಾಮಾನ್ಯ ಎಳೆಯದು ಪ್ಲಸ್ 17. ಹೀಗಾಗಿ 80 ಕಿ.ಮೀ. ಸಾಮಾನ್ಯ ಎಳೆಯ ಚದುರುವಿಕೆಯನ್ನು ಸರಿದೂಗಿಸಲು ಸುಮಾರು ಹದಿನಾಲ್ಕು ಕಿ.ಮೀ. ವಿಶೇಷ ಎಳೆ ಸಾಕು. ಅದನ್ನು ರಸ್ತೆಯಲ್ಲಿ ಹೂಳಬೇಕಾಗಿಲ್ಲ. ಸುರುಳಿ ಸುತ್ತಿ ಒಂದು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಆಂಪ್ಲಿಫಯರಿನ ಪಕ್ಕ ಕಪಾಟಿಗೆ ಸೇರಿಸಿದರೆ ಆಯಿತು. ಎಂಬತ್ತು ಕಿ.ಮೀ. ಓಡಿಬಂದ ಬೆಳಕು ಒಂದು ಸಣ್ಣ ಕೋಣೆಯೊಳಗೆ, ಒಂದು ಪೆಟ್ಟಿಗೆಯೊಳಗೆ ಮತ್ತೆ ಹದಿನಾಲ್ಕು ಕಿ.ಮೀ. ಸುತ್ತಿ, ತನ್ನ ದಿಂಡಿ ಕೂಡಿಸಿಕೊಂಡು ಮುಂದಿನ ಊರಿಗೆ ಹೊರಡುತ್ತಿತ್ತು. 10 ಗಿಗಾಬಿಟ್ಟಿನ ಕಾಲದಲ್ಲಿ ಜಗತ್ತಿನ ಉದ್ದಕ್ಕೂ ದೂರದ ದಾರಿಗಳು ನಡೆದದ್ದು ಈ ಪೆಟ್ಟಿಗೆಗಳ ಮೇಲೆ. ಸಮುದ್ರದ ತಳದಲ್ಲಿ ಪೆಟ್ಟಿಗೆ ಇಡುವ ಹಾಗಿಲ್ಲವಲ್ಲ, ಅಲ್ಲಿ ಕೇಬಲ್ಲಿನಲ್ಲೇ ಒಂದು ಗುಣದ ಎಳೆಯ ಹಲವು ತುಂಡು, ನಡುವೆ ವಿರುದ್ಧ ಗುಣದ ಒಂದು ತುಂಡು ಹೀಗೆ ಜೋಡಿಸುತ್ತಿದ್ದರು.

ಪೆಟ್ಟಿಗೆಗೂ ಬೆಲೆ ತೆರಬೇಕಿತ್ತು. ವಿಶೇಷ ಎಳೆಯಲ್ಲಿ ಬೆಳಕು ಬೇಗ ಮಂಕಾಗುತ್ತದೆ, ಆದ್ದರಿಂದ ಅದಕ್ಕಾಗಿಯೇ ಇನ್ನಷ್ಟು ಬಲ ತುಂಬಬೇಕು. ಬಲ ತುಂಬಿದಾಗಲೆಲ್ಲ ಒಂದಿಷ್ಟು ಗೊರಗೊರ ಸೇರಿಕೊಳ್ಳುತ್ತದೆ. ಪುಣೆ–ಬೆಂಗಳೂರಿನಷ್ಟು ದೂರಕ್ಕೆ ಲೆಕ್ಕ ಹಾಕಿದರೆ ಪೆಟ್ಟಿಗೆಗಳೊಳಗಿನ ಸುತ್ತೇ 140 ಕಿ.ಮೀ. ದಾಟುತ್ತದೆ. ಅಷ್ಟೇ ಅಲ್ಲ, ಯಾವ ಪೆಟ್ಟಿಗೆ ಎಲ್ಲಿ ಇಡಬೇಕೆಂದು ದಾರಿ ದಾರಿಗೂ ಮೊದಲೇ ಅಳೆದು ಯೋಜಿಸಬೇಕು. ದಾರಿ ಬದಲಾದರೆ ಲೆಕ್ಕವೂ ಬದಲು. 40 ಗಿಗಾಬಿಟ್ ಆದಾಗ ಅಳತೆ ಎಷ್ಟು ಬಿಗಿಯಾಯಿತೆಂದರೆ, ಹಗಲು ರಾತ್ರಿಯ ಬಿಸಿ ತಂಪಿನಿಂದ ಎಳೆಯ ಗುಣದಲ್ಲಾಗುವ ಸಣ್ಣ ಬದಲಾವಣೆಯೂ ದೂರದ ದಾರಿಗಳಲ್ಲಿ ತಲೆನೋವಾಯಿತು.

ಇಲ್ಲಿ ನಿಮಗೊಂದು ಸಂಶಯ ಬಂದಿರಬೇಕು. ದಾರಿಯಲ್ಲಿ ಇಷ್ಟೆಲ್ಲ ಪಾಡು ಯಾಕೆ? ಬೆಂಗಳೂರು ಮುಟ್ಟಿದ ಮೇಲೆ ಕಂಪ್ಯೂಟರಿನಿಂದ ಲೆಕ್ಕ ಹಾಕಿ ಸರಿಮಾಡಬಾರದೇ? ಚದುರುವಿಕೆ ಎಷ್ಟೆಂದು ಗೊತ್ತಿದೆಯಲ್ಲ? ಮಾಡಬಹುದಿತ್ತು. ಆದರೆ ಅಂದಿನ ರಿಸೀವರುಗಳು ಬಂದ ಬೆಳಕು ಎಷ್ಟು ಪ್ರಖರ ಎಂಬುದನ್ನು ಮಾತ್ರ ಅಳೆಯುತ್ತಿದ್ದವು. ಬೆಳಕು ಒಂದು ಅಲೆ. ಅಲೆಗೆ ಎತ್ತರ ಇದ್ದ ಹಾಗೆ, ಈ ಗಳಿಗೆ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಸ್ಥಿತಿಯೂ ಇರುತ್ತದೆ. ಯಾವ ಬಣ್ಣ ಎಷ್ಟು ಹಿಂದೆ ಬಿತ್ತು ಎಂಬ ಸುಳಿವು ಅಡಗಿರುವುದು ಆ ಸ್ಥಿತಿಯಲ್ಲೇ. ಹಳೆಯ ರಿಸೀವರು ಎತ್ತರವನ್ನು ಬರೆದುಕೊಂಡು ಸ್ಥಿತಿಯನ್ನು ಎಸೆದುಬಿಡುತ್ತಿತ್ತು. ಕಾಗದ ಓದಿ, ಯಾರು ಬರೆದದ್ದೆಂದು ನೋಡದೆ ಹರಿದುಹಾಕಿದ ಹಾಗೆ. ಸುಳಿವು ಹೋದ ಮೇಲೆ ಯಾವ ಲೆಕ್ಕವೂ ಚದುರಿದ್ದನ್ನು ಪೂರ್ತಿ ಕೂಡಿಸಲಾರದು.

ಮೂರನೆಯ ಮದ್ದು ಬಂದದ್ದು ಇಲ್ಲಿಂದ. ರಿಸೀವರಿನಲ್ಲೇ ಒಂದು ಲೇಸರ್ ಇಟ್ಟು, ಬಂದ ಬೆಳಕನ್ನು ಅದರ ಜೊತೆ ತಾಳೆ ನೋಡಿದರೆ ಅಲೆಯ ಎತ್ತರವೂ ಸಿಗುತ್ತದೆ, ಸ್ಥಿತಿಯೂ ಸಿಗುತ್ತದೆ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡು ಕೇಳಿದ ಹಾಗೆ. ಇದಕ್ಕೆ ಕೊಹೆರೆಂಟ್ ರಿಸೀವರ್ ಎಂದು ಹೆಸರು. ಸಿಕ್ಕ ಎರಡನ್ನೂ ಅಂಕಿಗಳಾಗಿ ಮಾಡಿ ಒಂದು ಚಿಪ್ಪಿಗೆ ಕೊಟ್ಟರೆ, ಗಾಜು ದಾರಿಯುದ್ದಕ್ಕೂ ಏನು ಮಾಡಿತೋ ಅದರ ವಿರುದ್ಧವನ್ನು ಚಿಪ್ಪು ಲೆಕ್ಕದಲ್ಲಿ ಮಾಡುತ್ತದೆ. ಉಪಾಯ ಹಳೆಯದು, ಆದರೆ ಅಷ್ಟು ವೇಗದ ಚಿಪ್ಪು ಬೇಕಿತ್ತಲ್ಲ. 2008ರ ಸುಮಾರಿಗೆ 40 ಗಿಗಾಬಿಟ್ಟಿನ ಇಂಥ ಯಂತ್ರ ಮಾರುಕಟ್ಟೆಗೆ ಬಂತು, 2010ರ ಹೊತ್ತಿಗೆ 100 ಗಿಗಾಬಿಟ್ ಬಂತು. ಈಗ ಒಂದೇ ಬಣ್ಣದ ಮೇಲೆ 400, 800 ಗಿಗಾಬಿಟ್ ಕಳಿಸುತ್ತಾರೆ.

100 ಗಿಗಾಬಿಟ್ಟಿನ ಬೆಳಕು ಪುಣೆಯಿಂದ ಬೆಂಗಳೂರಿಗೆ ಪೆಟ್ಟಿಗೆಗಳಿಲ್ಲದೆ ಹೋದರೆ, ಒಂದು ಮಿಡಿತ ಸುಮಾರು ನೂರು ಮಿಡಿತಗಳ ಉದ್ದಕ್ಕೆ ಹರಡಿಕೊಂಡು ಬರುತ್ತದೆ. ಹೊರಗಿನಿಂದ ನೋಡಿದರೆ ಬರೀ ಗೊಂದಲ. ಚಿಪ್ಪು ಆ ನೂರನ್ನೂ ಹಿಡಿದು, ಯಾವುದು ಯಾರದೆಂದು ಬಿಡಿಸಿ, ಸೆಕೆಂಡಿಗೆ ಸಾವಿರಾರು ಕೋಟಿ ಸಲ ಅವುಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತದೆ. ದಾರಿ ಬದಲಾದರೆ ತಾನೇ ಅಳೆದು ಲೆಕ್ಕ ಬದಲಿಸಿಕೊಳ್ಳುತ್ತದೆ.

ಅದಕ್ಕಿಂತ ಸೋಜಿಗದ ಸಂಗತಿ ಇನ್ನೊಂದು. ಹೊಸ ದಾರಿಗಳಲ್ಲಿ ಈಗ ಆ ಸುರುಳಿ ಪೆಟ್ಟಿಗೆಗಳನ್ನು ಇಡುವುದಿಲ್ಲ. ಇಟ್ಟರೆ ಕೆಡುಕೇ ಹೆಚ್ಚು! ಬೆಳಕು ದಾರಿಯಲ್ಲಿ ಚೆನ್ನಾಗಿ ಚದುರಿಕೊಂಡೇ ಇದ್ದರೆ ಬಣ್ಣ ಬಣ್ಣ ಬೆರೆತು ಭೂತ ಹುಟ್ಟುವುದು ಕಡಿಮೆ. ಆದ್ದರಿಂದ ಇಂದಿನ ನೀತಿ ಹೀಗೆ: ದಾರಿಯುದ್ದಕ್ಕೂ ಚದುರಲಿ ಬಿಡಿ, ಊರು ಮುಟ್ಟಿದ ಮೇಲೆ ಒಮ್ಮೆಗೇ ಕೂಡಿಸೋಣ. ಸೊನ್ನೆ ಮಾಡಲು ಹೊರಟವರು ಕೊನೆಗೆ ಬಂದು ನಿಂತದ್ದು ಸಾಮಾನ್ಯ ಎಳೆಯ ಬಳಿಗೇ.

ಇದರಿಂದ ನಿಮಗೂ ನನಗೂ ಆದ ಲಾಭ ಸಣ್ಣದಲ್ಲ. ಗಾಜಿನ ಎಳೆಗಿಂತ ದುಬಾರಿಯಾದದ್ದು ನೆಲ ಅಗೆಯುವ ಕೆಲಸ. ರಸ್ತೆ ಅಗೆದರೆ ಏನಾಗುತ್ತದೆಂದು ಪುಣೆಯವರಿಗೆ ನಾನು ಹೇಳಬೇಕೇ! 2.5 ಗಿಗಾಬಿಟ್ಟಿಗೆಂದು ಹೂತಿಟ್ಟ ಸಾಮಾನ್ಯ ಎಳೆಯಲ್ಲೇ, ಮಣ್ಣು ಮುಟ್ಟದೆ, ಎರಡು ತುದಿಯ ಯಂತ್ರ ಬದಲಿಸಿ, ಬಣ್ಣ ಒಂದಕ್ಕೆ ನಲವತ್ತು ಪಟ್ಟು ಹೆಚ್ಚು ಕಳಿಸಲು ಸಾಧ್ಯವಾಯಿತು. ಅಂಥ ಎಂಬತ್ತಕ್ಕೂ ಹೆಚ್ಚು ಬಣ್ಣಗಳು ಒಂದೇ ಎಳೆಯಲ್ಲಿ ಸಾಗಬಲ್ಲವು. ಹಳ್ಳಿಯಲ್ಲಿರುವ ಅಮ್ಮನ ಮುಖ ನಿಮ್ಮ ಕೈಯ ಮೊಬೈಲಿನಲ್ಲಿ ಕಾಣುವುದು ಅಗ್ಗವಾದದ್ದರಲ್ಲಿ ಈ ಕೆಲಸದ ಪಾಲೂ ಇದೆ. ಈ ರಂಗದಲ್ಲಿ ನಮ್ಮವರೂ ಇದ್ದಾರೆ. 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ತೇಜಸ್ ನೆಟ್‌ವರ್ಕ್ಸ್ ಬೆಳಕಿನ ಸಂಪರ್ಕದ ಯಂತ್ರಗಳನ್ನು ಮಾಡುತ್ತದೆ. ಪುಣೆಯ ಫಿನೊಲೆಕ್ಸ್ ಗಾಜಿನ ಎಳೆಯ ಕೇಬಲ್ ಮಾಡುತ್ತದೆ.

ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಮಾತು. ಇಂಜಿನಿಯರುಗಳು ಕೆಡುಕನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದು ಕಳೆದುಹೋಗುವುದು, ಇನ್ನೊಂದು ಚದುರಿಹೋಗುವುದು. ಕೇಬಲ್ ಕಡಿದರೆ ಅದು ಕಳೆದದ್ದು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದ ಕೇಬಲ್‌ಗಳು ಕಡಿದಾಗ ಭಾರತದ ಇಂಟರ್‌ನೆಟ್ ಕುಂಟಿತು. ಯಾವ ಚಿಪ್ಪೂ ಅದನ್ನು ಸರಿಮಾಡಲಿಲ್ಲ, ಹಡಗೇ ಹೋಗಿ ಜೋಡಿಸಬೇಕಾಯಿತು. ಗೊರಗೊರದೊಳಗೆ ಮುಳುಗಿದ್ದೂ ಕಳೆದದ್ದೇ. ಆದರೆ ಚದುರಿದ್ದು ಹಾಗಲ್ಲ. ನೋಡಲು ಎರಡೂ ಒಂದೇ ರೀತಿಯ ಗೊಂದಲವಾಗಿ ಕಂಡರೂ, ಚದುರಿದ್ದರಲ್ಲಿ ಪ್ರತಿಯೊಂದು ಚೂರೂ ಇದೆ, ಜಾಗ ಮಾತ್ರ ತಪ್ಪಿದೆ. ಅದನ್ನು ಕೇಳುವವನು ಅರ್ಧ ಸುಳಿವನ್ನು ಎಸೆಯದಿದ್ದರೆ ಪೂರ್ತಿ ವಾಪಸು ಸಿಗುತ್ತದೆ.

ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ‘ಮಕ್ಕಳ ಕನ್ನಡ ಹೋಯಿತು’ ಎಂಬ ನೋವು ಆಗಾಗ ಇರುತ್ತದೆ. ಒಂದು ವಾಕ್ಯದಲ್ಲಿ ಮರಾಠಿ ಅರ್ಧ, ಹಿಂದಿ ಕಾಲು, ಕನ್ನಡ ಎಲ್ಲೋ ಕೊನೆಗೆ. ಭಾಷೆಯೇನು ಬೆಳಕಲ್ಲ, ನನಗೂ ಗೊತ್ತು. ಆದರೂ ನೀವು ಪರೀಕ್ಷೆ ಮಾಡಿ ನೋಡಿ. ಮಗು ‘ಆಜ್ಜಿ, ಮಲಾ ಇನ್ನೊಂದು ದೋಸೆ ಬೇಕು’ ಅಂದರೆ ಅದರಲ್ಲಿ ಕನ್ನಡ ಕಳೆದಿದೆಯೋ ಚದುರಿದೆಯೋ? ಸಿಟ್ಟಿನಿಂದ ಜೋರುಮಾಡಿ ಪ್ರಯೋಜನವಿಲ್ಲ, 1858ರ ತಂತಿ ಆ ಪಾಠ ಕಲಿಸಿದೆ. ಮನೆಯಲ್ಲಿ ಬರೀ ಕನ್ನಡವೇ ಇರಲಿ, ಬೇರೆ ಸೊನ್ನೆ ಇರಲಿ ಅನ್ನುವುದೂ ಈ ಊರಲ್ಲಿ ನಡೆಯುವ ಮಾತಲ್ಲ. ಕೇಳುವ ನಾವು ಮಾತಿನ ಜೊತೆ ಅದರ ಹಿಂದಿನ ಪ್ರೀತಿಯನ್ನೂ ಹಿಡಿದುಕೊಂಡು, ‘ಇನ್ನೊಂದು ದೋಸೆ ಬೇಕಾ ಕಂದಾ, ತಗೋ’ ಎಂದು ಪೂರ್ತಿ ಕನ್ನಡದಲ್ಲಿ ಉತ್ತರ ಕೊಟ್ಟರೆ ಸಾಕು. ಚೂರುಗಳು ಒಂದೊಂದಾಗಿ ಜಾಗಕ್ಕೆ ಬರುತ್ತವೆ. ಕೇಳುವವರೇ ಇಲ್ಲದಿದ್ದರೆ ಮಾತ್ರ ಅದು ನಿಜವಾಗಿ ಕಳೆಯುತ್ತದೆ.

ಮುಂದಿನ ಸಲ ಹೆದ್ದಾರಿಯಲ್ಲಿ ಕೊಲ್ಹಾಪುರ, ಬೆಳಗಾವಿ ದಾಟಿ ಊರಿಗೆ ಹೋಗುವಾಗ, ರಸ್ತೆಯ ಅಂಚಿನಲ್ಲಿ ‘ಕೇಬಲ್ ಇದೆ, ಅಗೆಯಬೇಡಿ’ ಎಂಬ ಪುಟ್ಟ ಕಲ್ಲು ಕಂಡರೆ ಮಕ್ಕಳಿಗೆ ತೋರಿಸಿ. ಅದರಡಿಯಲ್ಲಿ ಕೂದಲಿನಷ್ಟು ತೆಳುವಾದ ಎಳೆಯಲ್ಲಿ ಲಕ್ಷಾಂತರ ಜನರ ಮಾತು ಚದುರಿಕೊಂಡು ಓಡುತ್ತಿದೆ, ಊರು ಮುಟ್ಟಿದ ಮೇಲೆ ಅದು ಮತ್ತೆ ಕೂಡಿಕೊಳ್ಳುತ್ತದೆ ಎಂದು ಹೇಳಿ. ಪ್ರಶ್ನೆಗಳಿದ್ದರೆ ಕೇಂದ್ರದ ವಿಳಾಸಕ್ಕೆ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ. ಓದಿಕೊಳ್ಳುವ ಕೆಲಸ ನಮ್ಮದು.